ಐದನೇ ಸಮಾಧಿಯ ಹೆಂಗಸು

2019ರ ಜನವರಿ 14, ಸೋಮವಾರ ಬೆಳಿಗ್ಗೆ 7.20ಕ್ಕೆ ತಬ್ಬೇರಿ ಠಾಣೆಗೆ ದೂರು ಬಂತು. ಕೊಟ್ಟವರು ಊರಾಚೆಯ ಉತ್ಖನನದ ಮುಖ್ಯಸ್ಥೆ ಡಾ. ಇಹ್ಸಾನ್. ಈಜಿಪ್ಟಿನ ಫೇರೋಗಳು ತಮ್ಮ ದಕ್ಷಿಣಕ್ಕಿದ್ದ ನುಬಿಯ ನಾಡನ್ನು ಆಳುತ್ತಿದ್ದಾಗ ನೈಲ್ ದಂಡೆಯಲ್ಲಿ ಕಟ್ಟಿಸಿದ್ದ ಕೋಟೆಯೂರನ್ನು ಅವರ ತಂಡ ಅಗೆಯುತ್ತಿತ್ತು. ಐದನೇ ಸಮಾಧಿಯಲ್ಲಿ ಸಿಕ್ಕಿದ್ದ ಹೆಂಗಸಿನ ಮೂಳೆಗಳು ಮಾರನೆಯ ದಿನ ರಾಜಧಾನಿಗೆ ಹೋಗಬೇಕಿತ್ತು. ಉಗ್ರಾಣದಲ್ಲಿ ಅವನ್ನಿಟ್ಟಿದ್ದ ಪೆಟ್ಟಿಗೆ ಖಾಲಿಯಾಗಿತ್ತು.

ಇನ್ಸ್‌ಪೆಕ್ಟರ್ ಸಾತಿ ಖೈರಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಶಲಾಲಿಯೊಂದಿಗೆ 8.45ಕ್ಕೆ ಸ್ಥಳ ತಲುಪಿದರು. ಪಂಚನಾಮೆ ನಡೆಯಿತು. ಉಗ್ರಾಣದ ಬೀಗ ಮುರಿದಿರಲಿಲ್ಲ. ಅದೇ ಸಮಾಧಿಯ ಚಿನ್ನದ ಉಂಗುರ ಪಕ್ಕದ ತಟ್ಟೆಯಲ್ಲೇ ಇತ್ತು.

“ಚಿನ್ನ ಬಿಟ್ಟು ಮೂಳೆ ಹೊತ್ಕೊಂಡು ಹೋದೋನು ಯಾವನೋ?” ಎಂದರು ಖೈರಿ.

“ನಾಯಿ ಇರ್ಬೇಕು ಸಾರ್. ಕೀಲಿ ಇಟ್ಕೊಂಡಿರೋ ನಾಯಿ.”

ಖೈರಿ ನಗಲಿಲ್ಲ. “ಮೂಳೆನ ಮಾರೋಕಾಗಲ್ಲ, ಹೂಳ್ಬೋದು. ಊರ ಸ್ಮಶಾನ ನೋಡ್ಕೊಂಡು ಬಾ.”

ಇಹ್ಸಾನ್ ಖೈರಿಯವರನ್ನು ಕರೆದುಕೊಂಡು ಸಮಾಧಿಯೊಳಗೆ ಇಳಿದರು. “ಗೋಡೆ, ಬರಹ ಎಲ್ಲ ಈಜಿಪ್ಟಿನವರದ್ದು. ಗಂಡ ಅಲ್ಲಿಂದ ಬಂದ ಅಧಿಕಾರಿ, ಅವರ ಪದ್ಧತಿಯಂತೆ ಅಂಗಾತ ಮಲಗಿದ್ದ. ಇವಳು ಮಾತ್ರ ನಮ್ಮ ನುಬಿಯದವಳು. ಮಂಚದ ಮೇಲೆ, ಬಲ ಮಗ್ಗುಲಾಗಿ, ಮೊಣಕಾಲು ಮಡಚಿ. ಮೂರು ಸಾವಿರದ ಮುನ್ನೂರು ವರ್ಷ ಹಾಗೇ ಇದ್ಲು.”

ನೆಲದಲ್ಲಿ ಮಂಚದ ನಾಲ್ಕು ಕಾಲಿನ ಗುಳಿಗಳಿದ್ದವು. ಹಗ್ಗ ಹೆಣೆದ ಅಂಥದೇ ಮಂಚದಿಂದ ಖೈರಿ ಅಂದು ಬೆಳಿಗ್ಗೆ ಎದ್ದು ಬಂದಿದ್ದರು. ಬಗ್ಗಿ ಒಂದು ಗುಳಿಯೊಳಗೆ ಬೆರಳಿಟ್ಟರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಉಗ್ರಾಣದ ಕೀಲಿ ಯಾರ ಹತ್ರ ಇರುತ್ತೆ?”

“ನನ್ನ ಹತ್ರ, ಅಡುಗೆ ಮಾಡೋ ಹುಕ್ಮಾ ಹತ್ರ. ಹಿಟ್ಟೂ ಅಲ್ಲೇ ಇಡ್ತೀವಿ.”

11.30ಕ್ಕೆ ಶಲಾಲಿ ಫೋನ್ ಮಾಡಿದ. ಸ್ಮಶಾನದಲ್ಲಿ ಹೊಸ ಗೋರಿಯೊಂದಿತ್ತು, ತಲೆಯ ಕಡೆ ವಾಡಿಕೆಯ ನೀರಿನ ಬಟ್ಟಲೂ ಇತ್ತು. ಆ ತಿಂಗಳು ಊರಲ್ಲಿ ಯಾರೂ ಸತ್ತಿರಲಿಲ್ಲ.

ಖೈರಿ ಹೋದಾಗ ಅರವತ್ನಾಲ್ಕರ ಹುಕ್ಮಾ ಒಲೆಯ ಮುಂದೆ ಕೂತಿದ್ದರು.

“ಆ ಗೋರಿ ಯಾರದು ಚಿಕ್ಕಮ್ಮ?”

“ಅವಳದೇ.” ರೊಟ್ಟಿ ಮಗುಚಿದರು. “ಇದೊಂದು ಬೇಯ್ಲಿ, ಬರ್ತೀನಿ. ನೀನೂ ತಿನ್ನು ಮಗನೇ, ಮುಖ ಬಾಡಿದೆ.”

“ಯಾವಾಗ ಹೂತ್ರಿ?”

“ಗುಂಡಿ ಶುಕ್ರವಾರ ತೋಡ್ದೆ. ನಿನ್ನೆ ಮಧ್ಯಾಹ್ನ ಎಲ್ಲ ಅಗೆಯೋಕೆ ಹೋದಾಗ ಅವಳನ್ನ ಕರ್ಕೊಂಡು ಹೋದೆ.”

“ಜೊತೆಗೆ ಯಾರಿದ್ರು?”

“ನನ್ನ ಕತ್ತೆ. ಅದನ್ನ ಹಿಡ್ಕೊಂಡು ಹೋಗ್ಬೇಡ, ಪಾಪ.”

ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಸಂಜೆ 4ಕ್ಕೆ ಇಹ್ಸಾನ್ ಮತ್ತು ಹುಕ್ಮಾ ಎದುರಲ್ಲೇ ಗೋರಿ ತೆರೆಯಲಾಯಿತು. ಶಲಾಲಿಯ ಗುದ್ದಲಿ ಅರ್ಧಕ್ಕೇ ನಿಂತಿತು. ಸೀರೆಯಷ್ಟು ಉದ್ದದ ಹಳೆಯ ಬಿಳಿ ಬಟ್ಟೆಯ ಮೇಲೆ ಅವಳು ಬಲ ಮಗ್ಗುಲಾಗಿ, ಮೊಣಕಾಲು ಮಡಚಿ, ಕೆನ್ನೆಯಡಿ ಕೈಯಿಟ್ಟು ಮಲಗಿದ್ದಳು. ಬೆರಳಿನ ಸಣ್ಣ ಮೂಳೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.

“ಇದನ್ನ ಯಾರು ಕಲಿಸಿದ್ರು ನಿಮಗೆ?” ಇಹ್ಸಾನ್ ಅವರ ದನಿ ಸಣ್ಣಗಾಗಿತ್ತು.

“ಚಹಾ ತಂದಾಗೆಲ್ಲ ಅವಳನ್ನ ನೋಡ್ತಿದ್ನಲ್ಲ.”

5.10ಕ್ಕೆ ಹುಕ್ಮಾ ಅವರನ್ನು ಬಂಧಿಸಲಾಯಿತು. ಠಾಣೆಯಲ್ಲಿ ಅವರು ಹೇಳಿಕೆ ಕೊಟ್ಟರು. 1964ರಲ್ಲಿ ಅಣೆಕಟ್ಟಿನ ನೀರು ಅವರ ಊರಿಗೆ ನುಗ್ಗಿದಾಗ ವಯಸ್ಸು ಒಂಬತ್ತು. ಊರವರನ್ನೆಲ್ಲ ರೈಲು ಹತ್ತಿಸಿದರು. ತಾಯಿ ತೀರಿಕೊಂಡು ಆಗ ತಿಂಗಳಾಗಿತ್ತಷ್ಟೇ; ಗೋರಿ ನೀರಿನಡಿ ಹೋಯಿತು.

“ಅಮ್ಮ ಇಲ್ಲಿದಾಳೆ ಅಂತ ತೋರ್ಸೋಕೆ ನನಗೆ ಜಾಗ ಇಲ್ಲ. ಇವಳನ್ನೂ ಊರು ಬಿಡಿಸ್ತಾರೆ ಅಂದ್ರು. ತಡ್ಕೊಳ್ಳೋಕಾಗ್ಲಿಲ್ಲ.”

ಖೈರಿ ಅದನ್ನು ಒಂದಕ್ಷರವೂ ತಿದ್ದದೆ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಪಡೆದರು.