ಅಳತೆ ಕೊಟ್ಟವನು

"ಭಾವ, ಏನು ಬೇಕಾದ್ರೂ ಮಾಡಿ. ಆ ಹೆಂಗಸಿಗೆ ಮಾತ್ರ ಅಳತೆ ಕೊಡಬೇಡಿ."

ಊರಿನಲ್ಲಿ ಯಾರಿಗೂ ಸೊಪ್ಪು ಹಾಕದ ಬಿಲ್ಡರ್ ಭಾಮೈದ ಹೀಗೆ ದನಿ ತಗ್ಗಿಸಿ ಹೇಳಿದ್ದನ್ನು ಕೇಳಿ ಆರ್ಕಿಟೆಕ್ಟ್‌ಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕುವಂತೆ ನಕ್ಕ. ಕುಲುಕುವುದಕ್ಕೆ ಹೊಟ್ಟೆಯೇನೂ ಕಡಿಮೆ ಇರಲಿಲ್ಲ.

"ಇಷ್ಟೆಲ್ಲ ಕಟ್ಟಡ ಕೆಡವಿರೋ ನಿಂಗೆ ದರ್ಜಿ ಹೆಂಗಸಿನ ಸೂಜಿ ಕಂಡ್ರೆ ಭಯಾನಾ?"

"ಸೂಜಿ ಅಲ್ಲ ಭಾವ, ದಾರ. ಅವಳು ಟೇಪು ಹಿಡಿಯಲ್ಲ. ದಾರ ಸುತ್ತಿ ಅಳೀತಾಳೆ, ಗಂಟು ಹಾಕ್ತಾಳೆ. ಅವಳ ಅಮ್ಮನೂ ಹಾಗೇ ಇದ್ಲು. ಆ ಮುದುಕಿ ಕೋಪದಲ್ಲಿ ಗಂಟು ಹಾಕಿದ್ರೆ ಅಳತೆ ಕೊಟ್ಟೋನು ಮತ್ತೆ ಎದ್ದಿಲ್ಲ ಅಂತಾರೆ."

"ಅಂತಾರೆ," ಎಂದು ಆರ್ಕಿಟೆಕ್ಟ್ ಅಣಕಿಸಿದ. "ನಾಳೇನೇ ಹೋಗಿ ಒಂದು ಕೋಟು ಹೊಲಿಸ್ಕೋತೀನಿ. ನೋಡ್ತಿರು, ಆ ದುಡ್ಡು ಕೈಗೆ ಬಿದ್ದ ಮೇಲೆ ಅಂಗಡಿ ಖಾಲಿ ಮಾಡೋಕೂ ಒಪ್ತಾಳೆ."

ಈ ಊರಿಗೆ ಅವನು ಹೊಸಬ. ನಡುಪೇಟೆಯ ಓಣಿಯೊಂದರಲ್ಲಿ ಆ ಹೆಂಗಸಿನ ಅಂಗಡಿಯಿದ್ದ, ಭಾಮೈದನ ಕಣ್ಣು ಬಿದ್ದಿದ್ದ ಕಿರಿದಾದ ಜಾಗದಲ್ಲಿ ಮೂವತ್ತು ಮಹಡಿಯ ಸಪೂರ ಕಟ್ಟಡ ಎಬ್ಬಿಸಲು ಬಂದಿದ್ದ. ಮಹಡಿಗೊಂದೇ ಮನೆ. ಒಂದು ಕಾರಿಗೂ ಜಾಗವಿಲ್ಲ. ಇರುವವರೆಲ್ಲ ನಡೆದೇ ಓಡಾಡಬೇಕು. ನಗರಸಭೆಯ ಒಪ್ಪಿಗೆ ಇನ್ನೂ ಸಿಕ್ಕಿರಲಿಲ್ಲ, ಆದರೆ ಓಣಿಯವರು ಆಗಲೇ ಅದಕ್ಕೆ 'ಕಡ್ಡಿ' ಎಂದು ಹೆಸರಿಟ್ಟಿದ್ದರು. "ಕಡ್ಡಿ ಕಟ್ಟೋಕೆ ಡ್ರಮ್ಮು ಬಂದಿದೆ" ಎಂದು ಚಹಾದಂಗಡಿಯವನು ಅವನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ.

ಕಾರಿಲ್ಲದ ಬದುಕು ಎಷ್ಟು ಚೆಂದ ಎಂದು ಮೊದಲೇ ತೋರಿಸಿಬಿಡಬೇಕೆಂಬ ಹುಮ್ಮಸ್ಸಿನಲ್ಲಿ ಆರ್ಕಿಟೆಕ್ಟ್ ಬಂದ ಹೊಸದರಲ್ಲೇ ಓಣಿಯ ಬಾಯಿಗೆ ಎದೆಮಟ್ಟದ ಕಬ್ಬಿಣದ ಕಂಬಗಳನ್ನು ನೆಡಿಸಿದ್ದ. ನಡುವಿನ ಸಂದು ಎಷ್ಟಿರಬೇಕೆಂದು ಗೆರೆ ಎಳೆದವನೂ ಅವನೇ. ಆಮೇಲೊಂದು ಮಧ್ಯಾಹ್ನ ದರ್ಜಿ ಹೆಂಗಸಿನ ಗಂಡ ಬಟ್ಟೆ ಕತ್ತರಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಆಂಬುಲೆನ್ಸ್ ಕಂಬಗಳಾಚೆಯೇ ನಿಂತಿತು. ಕತ್ತರಿಸುವ ಹಲಗೆಯ ಮೇಲೆ ಮಲಗಿಸಿ ಹೊತ್ತು ತಂದರೆ ಹಲಗೆ ಸಂದಿನಲ್ಲಿ ತೂರಲಿಲ್ಲ. ಹೊರಳಿಸಿ, ಎತ್ತಿ, ಕಂಬಗಳ ಮೇಲಿಂದ ದಾಟಿಸುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

"ಗಾಡಿ ಒಳಗೆ ಬಂದಿದ್ರೂ ಉಳೀತಿರ್ಲಿಲ್ಲ ಬಿಡಿ," ಎಂದಿದ್ದ ಆರ್ಕಿಟೆಕ್ಟ್, ಚಹಾ ಹೀರುತ್ತ. ಸಾವಾದ ಮನೆಯೆದುರು ಆಡುವ ಮಾತೇ ಅದು? ಓಣಿಯಲ್ಲಿ ಆ ಮಾತು ಮುಟ್ಟದ ಕಿವಿ ಇರಲಿಲ್ಲ. ಕಂಬಗಳು ಮಾತ್ರ ಹಾಗೇ ಉಳಿದವು.

ಮರುದಿನ ಅವನು ಅಂಗಡಿಯ ಮೆಟ್ಟಿಲು ಹತ್ತಿದ. ಹೊರಗೆ ಸುಡುಬಿಸಿಲು, ಒಳಗೆ ಮಬ್ಬುಗತ್ತಲೆ. ಹೊಲಿಗೆ ಯಂತ್ರದ ಎಣ್ಣೆಯ ಕಮಟು, ತೇವದ ಬಟ್ಟೆಯ ವಾಸನೆ. ಕತ್ತರಿಸುವ ಹಲಗೆಯ ಕೆಳಗೆ ಗಂಡಸಿನ ಒಂದು ಜೊತೆ ಚಪ್ಪಲಿ ಇನ್ನೂ ಅಲ್ಲೇ ಇತ್ತು. ಕೋಟು ಎಂದಾಗ ಅವಳು ತಲೆಯಾಡಿಸಿ ಕಪ್ಪು ದಾರ ಬಿಚ್ಚಿದಳು.

ಕುತ್ತಿಗೆಗೆ ಸುತ್ತಿದಳು. ದಾರ ತಣ್ಣಗಿತ್ತು. ಒಂದು ಗಂಟು. ಭುಜ. ಇನ್ನೊಂದು ಗಂಟು.

"ಕಂಬದ ಮಧ್ಯೆ ಎಷ್ಟು ಜಾಗ ಬಿಟ್ಟಿದ್ದೀರಿ?" ಎಂದಳು, ಮುಖ ನೋಡದೆ.

"ಒಬ್ಬ ಮನುಷ್ಯ ಆರಾಮಾಗಿ ಹೋಗೋಷ್ಟು."

"ಯಾವ ಮನುಷ್ಯ?"

ಆರ್ಕಿಟೆಕ್ಟ್ ನಕ್ಕು ತೋಳೆತ್ತಿ ನಿಂತ. ದಾರ ಎದೆಯನ್ನು ಬಳಸಿತು.

"ಉಸಿರು ಬಿಡಿ."

ಬಿಟ್ಟ.

"ಪೂರ್ತಿ ಬಿಡಿ."

ಎದೆ ಬರಿದಾಗುವ ತನಕ ಬಿಟ್ಟ. ಆಗ ಅವಳು ಗಂಟು ಬಿಗಿದಳು. ಇನ್ನು ಉಸಿರು ತೆಗೆದುಕೊಳ್ಳಿ ಎನ್ನುತ್ತಾಳೆಂದು ಕಾದ. ಅವಳು ಹೇಳಲಿಲ್ಲ. ಕೊನೆಗೆ ತಾನೇ ತೆಗೆದುಕೊಂಡು, ಮುಂಗಡ ಕೊಟ್ಟು ಹೊರಬಿದ್ದ. ಭಾಮೈದನಿಗೆ ಫೋನು ಮಾಡಿ, "ಇನ್ನೂ ಬದುಕಿದ್ದೀನಪ್ಪ," ಎಂದು ಗೇಲಿ ಮಾಡಿದ.

ಕೋಟು ಬಂತು, ಅವನ ಮೈಗೇ ಎರಕ ಹೊಯ್ದ ಹಾಗೆ ಕೂತಿತು. ಕಡ್ಡಿಯ ಬಗ್ಗೆ ಜನ ತಮ್ಮ ಅಹವಾಲು ಹೇಳಿಕೊಳ್ಳುವ ಸಭೆ ಓಣಿಯೊಳಗಿನ ಬಿಲ್ಡರ್ ಕಚೇರಿಯಲ್ಲೇ ನಡೆಯಿತು. ನಗರಸಭೆಯವರು ಮುಂದಿನ ಸಾಲಿನಲ್ಲಿದ್ದರು. ಈ ಕಟ್ಟಡ ಎದ್ದರೆ ಅವನ ಹೆಸರು ಎದ್ದಂತೆ; ಅದಕ್ಕಾಗಿ ಅವನು ವರ್ಷಗಟ್ಟಲೆ ನಿದ್ದೆಗೆಟ್ಟಿದ್ದ. ಮೇಜಿನ ಮೇಲಿನ ಮಾದರಿಗೆ ಬೆರಳಿಟ್ಟು ಒಂದೊಂದೇ ಮಹಡಿ ವಿವರಿಸುತ್ತಾ ಮೇಲೇರಿದ.

ಹತ್ತನೆಯ ಮಹಡಿಗೆ ಕಾಲರು ಬಿಗಿಯಿತು. ಕೆಮ್ಮಿದ. ಇನ್ನಷ್ಟು ಮೇಲೇರಿದಾಗ ಪಕ್ಕೆಲುಬುಗಳನ್ನು ಯಾರೋ ಒಟ್ಟಿಗೆ ಹಿಡಿದು ಎಳೆದ ಹಾಗಾಯಿತು. ಗುಂಡಿ ಬಿಚ್ಚಿದ. ಬಿಗಿ ಸಡಿಲವಾಗಲಿಲ್ಲ. ಮೂಗಿಗೆ ಯಂತ್ರದೆಣ್ಣೆಯ ಕಮಟು ಹೊಡೆಯಿತು. ಹಿಂದಿನ ಸಾಲಿನಲ್ಲಿ ದರ್ಜಿ ಹೆಂಗಸು ಕೂತಿದ್ದಳು. ಮಡಿಲಲ್ಲಿ ಕಪ್ಪು ದಾರ. ಅವಳ ಬೆರಳು ಗಂಟುಗಳನ್ನು ಒಂದರ ಹತ್ತಿರ ಒಂದು ಸರಿಸುತ್ತಿತ್ತು.

ಅವನು ನೆಲಕ್ಕೆ ಬಿದ್ದ. ಭಾಮೈದ ಕತ್ತರಿ ಹಿಡಿದು ಓಡಿಬಂದ. ಕೋಟು ಸೀಳಿದ. ಅಂಗಿ ಸೀಳಿದ. ಮೈಮೇಲೆ ಒಂದು ನೂಲೂ ಉಳಿಯಲಿಲ್ಲ. ಆದರೂ ಎದೆ ಏಳಲಿಲ್ಲ. ಆ ಡೊಳ್ಳು ಹೊಟ್ಟೆ ಕಣ್ಣೆದುರೇ ಒಳಕ್ಕಿಳಿಯುತ್ತಿತ್ತು.

ಅವಳು ಬಂದು ಅವನ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತಳು.

"ಗಾಡಿ ಬಂದಿದ್ರೂ ಉಳೀತಿರ್ಲಿಲ್ಲ ಅಂದ್ರಂತೆ. ಗಾಡಿ ಕರೆಸಿದ್ದೀನಿ. ನೋಡೋಣ."

ಗಾಡಿ ಬೇಗನೇ ಬಂತು. ಓಣಿಯ ಬಾಯಲ್ಲಿ ನಿಂತು ಕೂಗಿತು. ಮಾದರಿಯನ್ನು ಬೀಳಿಸಿ ಅದರ ಹಲಗೆಯ ಮೇಲೇ ಅವನನ್ನು ಮಲಗಿಸಿ ಹೊತ್ತರು. ಓಡಿದರು. ಕಂಬ. ಹಲಗೆ ಬಡಿಯಿತು. ಹೊರಳಿಸಿದರು. ಮತ್ತೆ ಬಡಿಯಿತು. "ಯಾವನಪ್ಪಾ ಇದನ್ನ ನೆಟ್ಟೋನು?" ಎಂದು ಡ್ರೈವರ್ ಆಚೆಯಿಂದ ಬೈದ. ನಾನೇ, ಕಿತ್ತು ಹಾಕಿ, ತಪ್ಪಾಯ್ತು ಎನ್ನಲು ಅವನು ಬಾಯಿ ತೆರೆದ. ಮಾತಿಗೆ ಉಸಿರು ಬೇಕು. ಇರಲಿಲ್ಲ. ಅವಳು ದಾರ ಹಲ್ಲಿಗೆ ಕೊಟ್ಟು ಕಚ್ಚಿ ತುಂಡರಿಸಿದಳು.

ಮೈಮೇಲೆ ಒಂದು ಗಾಯವೂ ಇಲ್ಲ, ಎದೆಗೂಡು ಮಾತ್ರ ಇಷ್ಟು ಕಿರಿದಾದದ್ದು ಹೇಗೋ ತಿಳಿಯದು ಎಂದರು ಡಾಕ್ಟರು. ಗಂಡನ ಹೆಣ ನೋಡಿದ ಬಿಲ್ಡರನ ಅಕ್ಕ, "ಇವರು ನಮ್ಮೋರಲ್ಲ, ಇಷ್ಟು ಸಣ್ಣ ಇರ್ಲಿಲ್ಲ," ಎಂದು ತಮ್ಮನ ತೋಳು ಹಿಡಿದು ಅತ್ತಳು.

ಕ್ರಿಯೆಯೆಲ್ಲ ಮುಗಿದ ಮೇಲೆ ಬಿಲ್ಡರ್ ಅಂಗಡಿಯ ಮುಂದೆ ಬಂದು ನಿಂತ. ಹೊಸಿಲು ದಾಟಲಿಲ್ಲ.

"ಅಕ್ಕಾ, ಕಂಬ ಕೀಳಿಸಿದ್ದೀನಿ. ಕಡ್ಡಿನೂ ಕೈಬಿಟ್ಟೆ. ಅಂಗಡಿ ನಿಮ್ಮದೇ."

ಅವಳು ಯಂತ್ರ ನಿಲ್ಲಿಸಿದಳು. "ಒಳ್ಳೇದಾಯ್ತಪ್ಪ."

ಅವನಿಗೆ ಜೀವ ಬಂದಂತಾಯಿತು. ಸದ್ಯ, ತಾನು ಅಳತೆ ಕೊಟ್ಟಿಲ್ಲ. ಇಷ್ಟು ದಿನ ಕಟ್ಟಿಹಿಡಿದಿದ್ದ ಉಸಿರನ್ನು ಎದೆ ಬರಿದಾಗುವ ತನಕ ಬಿಟ್ಟ.

"ಕಂಬಕ್ಕೆ ದುಡ್ಡು ಹಾಕಿದ್ದು ನೀವೇ ಅಲ್ವಾ?" ಎಂದಳು ಅವಳು. ಅವಳ ನೋಟ ಅವನ ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಎದೆಗೆ ನಿಧಾನವಾಗಿ ಇಳಿಯುತ್ತಿತ್ತು. ಬೆರಳ ನಡುವೆ ಹೊಸ ದಾರ.

"ಅಕ್ಕಾ, ನಾನು ಅಳತೆ..."

"ಬೇಡ. ನಂಗೆ ಕಣ್ಣಳತೆ ಸಾಕು."

ಗಂಟು ಬಿಗಿದಳು. ಇನ್ನು ಉಸಿರು ತೆಗೆದುಕೊಳ್ಳಿ ಎಂದು ಅವನಿಗೂ ಹೇಳಲಿಲ್ಲ.