ಬೂದಿಯಲ್ಲಿ ಸಿಕ್ಕಿದ ಮಾತ್ರೆ

ಒಂದು ಹುಂಜ, ಒಂದು ಕುಂಬಳಕಾಯಿ, ಅವ್ವನ ಒಂದು ದಿನದ ಕೂಲಿ. ಅಪ್ಪನ ಚಳಿಜ್ವರದ ಮಾತ್ರೆಗೆ ಇಷ್ಟು ಖರ್ಚಾಗಿತ್ತು. ಅದಕ್ಕೇ ಅಪ್ಪನ ಅಕ್ಕ ದುಗ್ಗಮ್ಮತ್ತೆಗೆ ಅಷ್ಟು ಸಿಟ್ಟು.

"ನಿಜ ಹೇಳು ಶೀಲಾ. ಮಾತ್ರೆ ಅಪ್ಪನಿಗೆ ಕೊಡುದಾ, ಬಚ್ಚಲಿಗೆ ಬಿಸಾಡುದಾ? ಕೊಟ್ಟಿದ್ದರೆ ಜ್ವರ ಯಾಕೆ ಇಳಿಯುದಿಲ್ಲ?"

ಶೀಲಾವತಿಯ ಕಿವಿ ಬಿಸಿಯಾಯಿತು. ಅವ್ವ ಕೂಲಿಗೂ ಅತ್ತೆ ಸೊಪ್ಪಿಗೂ ಹೋದ ಮೇಲೆ ಮಾತ್ರೆ ಕೊಡುವುದು ಅವಳದೇ ಕೆಲಸ. ಅದಕ್ಕಾಗಿ ಶಾಲೆಯನ್ನೂ ಬಿಟ್ಟು ಕೂತಿದ್ದಳು. ಅಪ್ಪನ ತಲೆ ಎತ್ತಿ ಹಿಡಿದು, ನೀರು ಕುಡಿಸಿ, ಬಾಯಿ ತೆರೆಸಿ ನೋಡುತ್ತಿದ್ದಳು. ಅಷ್ಟು ಮಾಡಿದವಳಿಗೇ ಈ ಮಾತು. ಮಧ್ಯಾಹ್ನದ ಗಂಜಿಗೆ ಬಂದಿದ್ದ ಅವ್ವನೂ ಅವಳನ್ನೇ ಸಂಶಯದಿಂದ ನೋಡಿದಳು. ಅದು ಇನ್ನೂ ಹೆಚ್ಚು ನೋಯಿಸಿತು.

ಅಷ್ಟರಲ್ಲಿ ಅಪ್ಪ ಮತ್ತೆ ವಾಂತಿ ಮಾಡಿದರು. ಕೂಡಲೇ ಒಲೆಯ ಬೂದಿ ಸುರಿದು, ಮುಖ ತಿರುಗಿಸಿ ಬಳಿದು ಎಸೆಯುವುದು ಆ ಮನೆಯ ಕ್ರಮ. ಯಾರೂ ಅದನ್ನು ನೋಡುವುದಿಲ್ಲ. ಸಿಟ್ಟಿನಲ್ಲಿದ್ದ ಶೀಲಾವತಿ ಇವತ್ತು ಮುಖ ತಿರುಗಿಸಲಿಲ್ಲ. ಬೂದಿಯ ನಡುವೆ ಬಿಳಿಯದೇನೋ ಕಂಡಿತು. ಕಡ್ಡಿಯಿಂದ ಕೆದಕಿದಳು. ಬೆಳಿಗ್ಗೆ ಕೊಟ್ಟ ಮಾತ್ರೆ. ಅಂಚು ಸ್ವಲ್ಪ ಸವೆದಿತ್ತು, ಅಷ್ಟೇ.

ಅತ್ತೆ ಚೀ ಎನ್ನುತ್ತಿದ್ದಂತೆಯೇ ಅದನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿಕೊಂಡು ಮಾತ್ರೆ ಕೊಟ್ಟಿದ್ದ ಆಲಂಕಾರು ಪೇಟೆಯ ಡಾಕ್ಟರ ಬಳಿಗೆ ಓಡಿದಳು.

ಡಾಕ್ಟರು ಎಲೆ ಬಿಡಿಸಿ ನೋಡಿದರು. ಭೇದಿಯೂ ಉಂಟಾ ಎಂದು ಕೇಳಿದರು. ಉಂಟು ಎಂದಳು.

"ಮೊದಲೇ ಯಾಕೆ ಹೇಳಲಿಲ್ಲ ಮಾರಾಯ್ತಿ?"

"ನೀವು ಕೇಳಲಿಲ್ಲ."

ಡಾಕ್ಟರು ಚೀಲ ಎತ್ತಿಕೊಂಡು ಸೈಕಲ್ ಹತ್ತಿದರು.

ಮನೆಯಲ್ಲಿ ಅವರು ಅಪ್ಪನ ಹೊಟ್ಟೆ ಒತ್ತಿ ನೋಡುವಾಗಲೂ ಅತ್ತೆ ಬಿಡಲಿಲ್ಲ. ನಿನ್ನೆ ವಾಂತಿಯೇ ಆಗಿರಲಿಲ್ಲವಲ್ಲ, ನಿನ್ನೆಯ ಮಾತ್ರೆ ಎಲ್ಲಿಗೆ ಹೋಯಿತು ಎಂದು ಕೇಳಿದರು.

"ನುಂಗಿದರೆ ಸಾಲದು ದುಗ್ಗಮ್ಮ. ಕರುಳು ಮದ್ದನ್ನು ಹೀರಿ ರಕ್ತಕ್ಕೆ ಕೊಡಬೇಕು. ಈ ಜ್ವರದಲ್ಲಿ ಇವರ ಕರುಳೇ ಸೋತಿದೆ. ಭೇದಿಯ ಜೊತೆ ಮದ್ದು ಹಾಗೇ ಜಾರಿ ಹೋಗುದು. ಹುಡುಗಿ ಕೊಟ್ಟದ್ದು ಸರಿಯಾಗಿಯೇ ಉಂಟು."

ಇನ್ನು ಇಂಜೆಕ್ಷನ್ನೇ ಗತಿ ಎಂದರು. ಸೂಜಿ ಕುದಿಸಲು ಶೀಲಾವತಿಯೇ ನೀರಿಟ್ಟಳು.

ಜ್ವರ ಇಳಿಯಿತು. ಆಚೆಮನೆಯ ತಿಮ್ಮಕ್ಕ ನೋಡಲು ಬಂದಾಗ, ಮಾತ್ರೆ ಹೊಟ್ಟೆಗೆ ಹಿಡಿಯುತ್ತಿಲ್ಲವೆಂದು ತನಗೆ ಮೊದಲೇ ಸಂಶಯವಿತ್ತು ಎಂದರು ಅತ್ತೆ. ಶೀಲಾವತಿಯ ನಾಲಗೆಯ ತುದಿಗೆ ಉತ್ತರ ಬಂದಿತ್ತು. ಒಳಗೆ ಅಪ್ಪ ಗಂಜಿ ಮುಗಿಸಿ, ಇನ್ನೂ ಸ್ವಲ್ಪ ಹಾಕು ಎಂದು ಕರೆದರು. ಅವಳು ಬಡಿಸಲು ಎದ್ದಳು.

ಅಪ್ಪ ಉಳಿದರು. ತಪ್ಪಾಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ.