ಜಂಗು ಹತ್ತುವ ತಂತಿ

ಕೇದಾರಿ ಮೇಲೆತ್ತಿದ ಕಟ್ಟಿನಿಂದ ಹನ್ನೊಂದು ಹೂ ಕಳಚಿ ನೆಲಕ್ಕೆ ಬಿದ್ದವು. ಕೈಯಲ್ಲಿ ಉಳಿದದ್ದು ಬರೀ ತಂತಿ, ತುಕ್ಕಿನ ಸುಳಿವಿಲ್ಲದೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಶೈಲಾ ಬೈಯಲಿಲ್ಲ. ಬೈಯುವಷ್ಟು ತ್ರಾಣ ಉಳಿದಿರಲಿಲ್ಲ. ಗಂಡ ತೀರಿದ ಮೇಲೆ ಮಮದಾಪುರದ ಈ ಹಳೆಯ ಬೆಲ್ಲದ ಶೆಡ್ಡಿನಲ್ಲಿ ಅವಳು ಅಲಂಕಾರಕ್ಕೆಂದು ಕಾಗದದ ಹೂ, ಅಂದರೆ ಒಣಗಿದರೂ ಬಣ್ಣ ಮಾಸದ ಗರಿಗರಿ ಎಸಳಿನ ಹೂ, ಬೆಳೆದು ಒಣಗಿಸುತ್ತಿರುವುದು ಇದು ಮೂರನೇ ವರ್ಷ. ಸೆಪ್ಟೆಂಬರಿನಲ್ಲಿ ಬೀಜ, ಡಿಸೆಂಬರಿನಲ್ಲಿ ಮೊದಲ ಕೊಯ್ಲು, ಮಾರ್ಚ್ ಮುಗಿಯುವಷ್ಟರಲ್ಲಿ ಗಿಡವೇ ಸಾಯುತ್ತದೆ. ಒಣಗಿದ ದಂಟು ಹೂವಿನ ಭಾರ ತಾಳದು. ಅದಕ್ಕೇ ಹಸಿ ಇರುವಾಗಲೇ ತಂತಿ ಚುಚ್ಚಬೇಕು.

ಕಟ್ಟುಗಳನ್ನು ವಾರಕ್ಕೊಮ್ಮೆ ಹತ್ತರಗಿಗೆ ಒಯ್ದು ಕೊಲ್ಹಾಪುರದ ಲಾರಿಗೆ ಹಾಕುವವನು ಘೋಡಗೇರಿಯ ಕೇದಾರಿ. ಕಳೆದ ತಿಂಗಳು ಈ ಹೊಸ ತಂತಿ ತಂದವನೂ ಅವನೇ.

"ಅಂಗಡ್ಯಾಂವ ಜಂಗ ಹತ್ತಂಗಿಲ್ಲ ಅಂದ್ನಿರಿ" ಅಂದ.

"ಜಂಗ ಹತ್ತಬೇಕ್ರಿ" ಅಂದಳು ಶೈಲಾ. "ಹೂವಿನ ಹಸಿಗೆ ತಂತಿ ಜಂಗ ಹಿಡಿತೈತಿ, ಹೂ ಒಣಗಿ ಬಿಗಿ ಆಗತೈತಿ. ಆಮ್ಯಾಲ ಎಳದ್ರೂ ಬರಂಗಿಲ್ಲ."

ಮೂಲೆಯಲ್ಲಿ ಎಲೆ ಕೀಳುತ್ತಿದ್ದ ಆಳು ಅಲ್ಲವ್ವ ನಕ್ಕಳು. "ಅಕಿ ಬಟ್ಟ ಕೆಂಪಗ ಆಗತಾವಂತ ಹೊಳಿಯೂದು ತಂದಿ, ಹೌದಿಲ್ಲೋ ತಮ್ಮಾ?"

ಕೇದಾರಿ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಶೈಲಾ ತನ್ನ ಬೆರಳು ನೋಡಿಕೊಂಡಳು. ಹಳೆಯ ತಂತಿಯ ತುಕ್ಕಿನ ಕಲೆ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಅವನು ಅದನ್ನು ಯಾವಾಗ ನೋಡಿದ್ದ?

"ಮುಂದಿನ ವಾರದಿಂದ ಬ್ಯಾರೆ ಗಾಡಿ ನೋಡ್ಕೊಳ್ರಿ" ಅವನೆಂದ. "ಮೂಡಲಗಿ ಕಡೆ ಹಾಲಿನ ಗಾಡಿ ಹೊಡಿಯಾಕ ಕರದಾರ."

"ಯಾಕ?"

"ಸಾಕಾಗೇತ್ರಿ. ಲಗ್ನ ಆಗೂಣಂತ ಕೇಳಿ ಎರಡ ವರ್ಷ ಆತು. ಹೂವಿನ ಹಂಗಾಮ ಮುಗೀಲಿ ಅಂತೀರಿ. ಅದು ಮುಗೀತೈತಿ, ಮತ್ತ ಬೀಜ ಹಾಕ್ತೀರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಒಮ್ಮಿ ಸಂಸಾರ ಹೂಡಿ ಕಳಕೊಂಡಾಕಿ ನಾ. ಅಂಜಿಕಿ ಬರತೈತ್ರಿ" ಅಂದಳು.

"ನನಗೂ ಬರತೈತಿ."

ಅಷ್ಟೇ ಹೇಳಿ ಅವನು ಬಿದ್ದ ಹೂಗಳನ್ನು ಒಂದೊಂದಾಗಿ ಆರಿಸತೊಡಗಿದ. ಇನ್ನು ಅವು ಯಾವುದಕ್ಕೂ ಬಾರವೆಂದು ಅವನಿಗೂ ಗೊತ್ತಿತ್ತು.

ಬೆಳಿಗ್ಗೆ ಕೊಯ್ದ ಅರೆಬಿರಿದ ಹೂಗಳ ಬುಟ್ಟಿಯನ್ನು ಶೈಲಾ ಅವನ ಮುಂದೆ ಇಟ್ಟಳು. ಗೂಟದಲ್ಲಿದ್ದ ಹಳೆಯ ಕಬ್ಬಿಣದ ತಂತಿಯ ಸುರುಳಿಯನ್ನೂ ಇಟ್ಟಳು.

"ಕುಂದರ್ರಿ. ಮೂಡಲಗ್ಯಾವ್ರಿಗೆ ಫೋನ್ ಹಚ್ಚಿ ಬರಂಗಿಲ್ಲ ಅನ್ರಿ."

"ಯಾಕಂತ ಕೇಳಿದ್ರ?"

"ಲಗ್ನ ಐತಿ ಅನ್ರಿ."

ಅವನ ಕೈ ನಿಂತಿತು. "ಯಾವಾಗಂತ ಕೇಳ್ತಾರ."

"ಈ ತಿಂಗಳದಾಗ. ಹಂಗಾಮ ನಡದಾಗನ."

"ಅಯ್ಯ, ಹೂ ಕೊಯ್ಯಾವ್ರ್ಯಾರ?" ಅಲ್ಲವ್ವ ಕೇಳಿದಳು.

"ನೀನ ಕೊಯ್ಯಿ" ಅಂದಳು ಶೈಲಾ. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ನಗುವಿತ್ತು.

ಇಬ್ಬರೂ ಕೂತು ಹೂವಿಗೆ ತಂತಿ ಚುಚ್ಚಿದರು; ಬಿಸಿಲು ಇಳಿಯುವ ಹೊತ್ತಿಗೆ ಬುಟ್ಟಿ ಖಾಲಿಯಾಯಿತು. ಕೈ ತೊಳೆದುಕೊಳ್ಳಲೆಂದು ಶೈಲಾ ಬಚ್ಚಲ ಕಡೆ ತೋರಿಸಿದಳು. ಕೇದಾರಿ ತುಕ್ಕಿಗೆ ಕೆಂಪಾದ ತನ್ನ ಬೆರಳುಗಳನ್ನು ನೋಡಿಕೊಂಡ.

"ಇರಲಿ ಬಿಡ್ರಿ" ಅಂದ.